1453ಕ್ಕೂ ಮೊದಲೇ ಹೊರಟ ಹಡಗುಗಳು: ಶಿಲುಬೆ ಯುದ್ಧಗಳಿಗೂ ಸಮುದ್ರಯಾನಗಳಿಗೂ ಇರುವ ನಂಟು

ಕಡಲತಡಿಯ ಶಿಕ್ಷಕಿ:

ನಾನು ಉತ್ತರ ಕನ್ನಡದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಯುರೋಪಿಯನ್ನರು ಭಾರತಕ್ಕೆ ಬಂದ ಪಾಠವನ್ನು ನಾವೆಲ್ಲ ಸಾಮಾನ್ಯವಾಗಿ ಒಂದೇ ಬಗೆಯಲ್ಲಿ ಆರಂಭಿಸುತ್ತೇವೆ. 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು, ವ್ಯಾಪಾರದ ದಾರಿ ಮುಚ್ಚಿಹೋಯಿತು, ಆದ್ದರಿಂದ ಹೊಸ ಜಲಮಾರ್ಗದ ಹುಡುಕಾಟ ಶುರುವಾಯಿತು ಎನ್ನುತ್ತೇವೆ. ಕಳೆದ ವಾರ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಪೋರ್ಚುಗಲ್‌ನ ರಾಜಕುಮಾರ ಹೆನ್ರಿಯ ನಾವಿಕರು 1434ರಲ್ಲೇ ಆಫ್ರಿಕಾದ ಕರಾವಳಿಗುಂಟ ಕೆಳಕ್ಕೆ ಇಳಿದಿದ್ದರಂತೆ. ದಾರಿ ಮುಚ್ಚುವ ಮೊದಲೇ ಅವರು ಯಾಕೆ ಹೊರಟರು?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ, ನೋಡಿ ಹೇಳುತ್ತೇನೆ ಎಂದೆ. ಅಂದಿನಿಂದ ಓದುತ್ತಿದ್ದೇನೆ. ಅದಕ್ಕೂ ಮುನ್ನೂರು ವರ್ಷ ಹಿಂದೆ ಜೆರುಸಲೇಮಿಗಾಗಿ ಕ್ರೈಸ್ತರು ಮುಸ್ಲಿಮರೊಡನೆ ಹೂಡಿದ ಯುದ್ಧಗಳಿಗೂ (ಕ್ರುಸೇಡ್) ಈ ಯಾನಗಳಿಗೂ ಸಂಬಂಧವಿದೆ ಎಂಬ ಮಾತು ಅಲ್ಲಲ್ಲಿ ಸಿಗುತ್ತದೆ, ಆದರೆ ಆ ಸಂಬಂಧ ಎಂಥದ್ದು ಎಂಬುದು ಸ್ಪಷ್ಟವಾಗುತ್ತಿಲ್ಲ. ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಪಡುವಣ ಗಾಳಿ:

ಟೀಚರ್, ನಿಮ್ಮ ವಿದ್ಯಾರ್ಥಿನಿ ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದಾಳೆ. 1453ರ ವಿವರಣೆಗೆ ಎರಡು ತೊಡಕುಗಳಿವೆ. ಮೊದಲನೆಯದು ಅವಳು ಕಂಡುಕೊಂಡದ್ದು: ಪೋರ್ಚುಗೀಸರು ಉತ್ತರ ಆಫ್ರಿಕಾದ ಸ್ಯೂಟಾ ಬಂದರನ್ನು ಗೆದ್ದದ್ದು 1415ರ ಆಗಸ್ಟ್‌ನಲ್ಲಿ, ಜಿಲ್ ಎಆನೆಸ್ ಬೊಜಡೋರ್ ಭೂಶಿರವನ್ನು ದಾಟಿದ್ದು 1434ರಲ್ಲಿ. ಎರಡನೆಯದು ಇನ್ನೂ ಮುಖ್ಯವಾದುದು. ನಮ್ಮ ಮಲಬಾರಿನ ಮೆಣಸು ಯುರೋಪಿಗೆ ಹೋಗುತ್ತಿದ್ದದ್ದು ಬಹುಪಾಲು ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಾಗಳ ಮೂಲಕ. ಆಗ ಸಿರಿಯಾಕ್ಕೆ ಸೇರಿದ್ದ ಬೈರೂತ್ ಇನ್ನೊಂದು ಬಾಗಿಲಾಗಿತ್ತು. ಈ ಎರಡೂ ಇದ್ದದ್ದು ಆಟೋಮನ್ನರ ಕೈಯಲ್ಲಲ್ಲ, ಈಜಿಪ್ಟ್, ಸಿರಿಯಾಗಳನ್ನು ಆಳುತ್ತಿದ್ದ ಮಾಮ್ಲೂಕ್ ಸುಲ್ತಾನರ ಕೈಯಲ್ಲಿ. ಆಟೋಮನ್ನರು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ, ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ. 1453ರ ನಂತರವೂ ವೆನಿಸ್ಸಿನ ವರ್ತಕರು ಅಲೆಕ್ಸಾಂಡ್ರಿಯಾದಲ್ಲಿ ಮೆಣಸು ಕೊಳ್ಳುತ್ತಲೇ ಇದ್ದರು. ಹೀಗಾಗಿ "ದಾರಿ ಮುಚ್ಚಿತು" ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಎಲ್ಲಿಂದ ಶುರುಮಾಡಬೇಕು? ನನ್ನ ಅಭಿಪ್ರಾಯದಲ್ಲಿ 1291ರಿಂದ. ಆ ವರ್ಷ ಪ್ಯಾಲೆಸ್ಟೈನಿನ ಕರಾವಳಿಯಲ್ಲಿ ಕ್ರೈಸ್ತರ ಕೈಯಲ್ಲಿ ಉಳಿದಿದ್ದ ಮುಖ್ಯ ನಗರವಾದ ಆಕ್ರ್ ಮಾಮ್ಲೂಕರ ವಶವಾಯಿತು. ಅದೇ ವರ್ಷ ಜಿನೋವಾದ ಉಗೊಲಿನೋ ಮತ್ತು ವಾದಿನೋ ವಿವಾಲ್ಡಿ ಎಂಬ ಸಹೋದರರು ಎರಡು ಹಡಗುಗಳೊಂದಿಗೆ ಜಿಬ್ರಾಲ್ಟರ್ ದಾಟಿ, ಸಾಗರದ ದಾರಿಯಲ್ಲಿ ಭಾರತಕ್ಕೆ ಹೋಗುತ್ತೇವೆಂದು ಹೊರಟರು. ಅವರು ಮರಳಿ ಬರಲಿಲ್ಲ. ಅವರ ಪ್ರಯಾಣಕ್ಕೆ ಆಕ್ರ್‌ನ ಪತನವೇ ಕಾರಣವೆಂದು ನಾನು ಹೇಳಲಾರೆ, ಏಕೆಂದರೆ ಅವರು ಹೊರಟದ್ದು ಆ ಸುದ್ದಿ ಜಿನೋವಾ ಮುಟ್ಟುವ ಮೊದಲೇ. ಆದರೂ ಮುಂದಿನ ಇನ್ನೂರು ವರ್ಷಗಳ ಎರಡು ಎಳೆಗಳು, ಅಂದರೆ ಪವಿತ್ರಭೂಮಿಯನ್ನು ಮರಳಿ ಪಡೆಯುವ ಹಂಬಲ ಹಾಗೂ ಈಜಿಪ್ಟಿಗೆ ಹೋಗದೆ ಸುತ್ತುದಾರಿಯಲ್ಲಿ ಭಾರತವನ್ನು ಮುಟ್ಟುವ ಹಂಬಲ, ಒಂದೇ ವರ್ಷದಲ್ಲಿ ಅಕ್ಕಪಕ್ಕ ಕಾಣಿಸಿಕೊಂಡವು.

ಈ ಎರಡು ಎಳೆಗಳನ್ನು ಹೆಣೆದವರು ಆಕ್ರ್‌ನ ಪತನದ ನಂತರ ಪೋಪರ ಆಸ್ಥಾನಕ್ಕೆ ಯೋಜನೆಗಳನ್ನು ಬರೆದುಕೊಟ್ಟವರು. ವೆನಿಸ್ಸಿನ ಮರೀನೋ ಸನೂದೋ 1321ರಲ್ಲಿ ಪೋಪ್ 22ನೆಯ ಜಾನ್‌ಗೆ ನಕ್ಷೆಗಳ ಸಮೇತ ಒಂದು ಗ್ರಂಥವನ್ನು ಒಪ್ಪಿಸಿದ. ಅದರ ವಾದ ಸರಳವಾದುದು: ಸುಲ್ತಾನನ ಬಲವಿರುವುದು ಭಾರತದಿಂದ ಬರುವ ಸಾಂಬಾರ ಪದಾರ್ಥಗಳ ಸುಂಕದಲ್ಲಿ, ಆದ್ದರಿಂದ ಸೈನ್ಯ ಕಳಿಸುವ ಮೊದಲು ಆ ವ್ಯಾಪಾರವನ್ನು ನಿಲ್ಲಿಸಬೇಕು. ಅದಕ್ಕಿಂತ ಕೆಲವು ವರ್ಷ ಮೊದಲು ಗಿಯೋಮ್ ಆದಾಂ ಎಂಬ ಡೊಮಿನಿಕನ್ ಸನ್ಯಾಸಿ ಇನ್ನೂ ಮುಂದೆ ಹೋಗಿದ್ದ. ಹಿಂದೂ ಮಹಾಸಾಗರದಲ್ಲಿ ಯುದ್ಧದ ಹಡಗುಗಳನ್ನು ಕಟ್ಟಿಸಿ, ಏಡನ್ ಬಳಿ ಕೆಂಪು ಸಮುದ್ರದ ಬಾಯಿಯನ್ನೇ ಮುಚ್ಚಬೇಕೆಂದು ಅವನು ಬರೆದ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಯುರೋಪಿನ ಒಂದೇ ಒಂದು ಹಡಗೂ ಆಫ್ರಿಕಾವನ್ನು ಸುತ್ತಿ ಬಾರದಿದ್ದ ಕಾಲದಲ್ಲಿ, ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ 1513ರಲ್ಲಿ ಏಡನ್ ಮೇಲೆ ನಡೆಸಿದ ದಾಳಿಯ ಮೂಲ ಲೆಕ್ಕಾಚಾರ ಕಾಗದದ ಮೇಲೆ ಸಿದ್ಧವಾಗಿತ್ತು.

ಇನ್ನು ಪೋರ್ಚುಗಲ್ಲಿನ ಮಾತು. ಆ ರಾಜ್ಯ ಹುಟ್ಟಿದ್ದೇ ಇಂಥ ಯುದ್ಧದಲ್ಲಿ. 1147ರಲ್ಲಿ ಎರಡನೆಯ ಶಿಲುಬೆ ಯುದ್ಧಕ್ಕೆಂದು ಹೊರಟಿದ್ದ ಇಂಗ್ಲಿಷ್, ಫ್ಲೆಮಿಷ್ ಹಾಗೂ ಜರ್ಮನ್ ಯೋಧರು ದಾರಿಯಲ್ಲಿ ನಿಂತು ದೊರೆ ಅಫೊನ್ಸೊ ಹೆನ್ರಿಕೆಸ್‌ಗೆ ಲಿಸ್ಬನ್ ಗೆದ್ದುಕೊಟ್ಟರು. 1249ರ ಹೊತ್ತಿಗೆ ದಕ್ಷಿಣದ ಅಲ್ಗಾರ್ವೆಯೂ ವಶವಾಗಿ, ಮುಸ್ಲಿಮರೊಡನೆ ಹೋರಾಡಲು ತಮ್ಮದೇ ನೆಲದಲ್ಲಿ ಗಡಿಯೇ ಉಳಿಯಲಿಲ್ಲ. ಆದರೆ ಆ ಹೋರಾಟಕ್ಕೆಂದು ಕಟ್ಟಿದ ಸಂಸ್ಥೆಗಳು ಉಳಿದವು. ಪೋಪ್ 1312ರಲ್ಲಿ ಟೆಂಪ್ಲರ್ ಯೋಧಸಂಘವನ್ನು ವಿಸರ್ಜಿಸಿದಾಗ, ಪೋರ್ಚುಗಲ್ಲಿನ ದೊರೆ ದಿನಿಸ್ ಅದರ ಜಮೀನು, ಕೋಟೆಗಳು ಕೈತಪ್ಪದಂತೆ ನೋಡಿಕೊಂಡು, 1319ರಲ್ಲಿ ಪೋಪರ ಒಪ್ಪಿಗೆಯೊಂದಿಗೆ "ಕ್ರಿಸ್ತ ಸಂಘ"ವೆಂಬ ಹೊಸ ಹೆಸರಿನಲ್ಲಿ ಅದೇ ಆಸ್ತಿಯನ್ನು ಮುಂದುವರಿಸಿದ. ಅದಕ್ಕೆ ಎರಡು ವರ್ಷ ಮೊದಲು, 1317ರಲ್ಲಿ, ಜಿನೋವಾದ ಮನುಯೆಲ್ ಪೆಸಾನ್ಯನನ್ನು ಕರೆಸಿ ನೌಕಾಪಡೆಯ ಮುಖ್ಯಸ್ಥನನ್ನಾಗಿ ಮಾಡಿದವನೂ ಇದೇ ದೊರೆ. 1420ರಲ್ಲಿ ಕ್ರಿಸ್ತ ಸಂಘದ ಆಡಳಿತಾಧಿಕಾರಿಯಾದವನು ಯಾರು ಗೊತ್ತೇ? ನಿಮ್ಮ ವಿದ್ಯಾರ್ಥಿನಿ ಹೆಸರಿಸಿದ ಹೆನ್ರಿಯೇ. ಆಫ್ರಿಕಾದ ಕರಾವಳಿಗೆ ಹಡಗು ಕಳಿಸಲು ಈ ಸಂಘದ ಆದಾಯ ಒದಗಿತು. ಪಠ್ಯಪುಸ್ತಕದ ಚಿತ್ರಗಳಲ್ಲಿ ಹಾಯಿಗಳ ಮೇಲೆ ಕಾಣುವ ಕೆಂಪು ಶಿಲುಬೆ ಆ ಸಂಘದ ಲಾಂಛನ.

ಹಳೆಯ ನಾಣ್ಯ:

ಪಡುವಣ ಗಾಳಿಯವರ ವಿವರಗಳನ್ನು ಒಪ್ಪುತ್ತೇನೆ, ಆದರೆ ತಕ್ಕಡಿ ಒಂದೇ ಕಡೆಗೆ ವಾಲುತ್ತಿದೆ ಎನ್ನಿಸುತ್ತದೆ. ನಾನು ಹಳೆಯ ನಾಣ್ಯಗಳ ಅಧ್ಯಯನದಲ್ಲಿ ಆಸಕ್ತಿಯುಳ್ಳವನು, ಆದ್ದರಿಂದ ಹಣದ ಕಡೆಯಿಂದ ನೋಡುತ್ತೇನೆ. ಸ್ಯೂಟಾ ಸಹಾರಾ ಮರುಭೂಮಿಯನ್ನು ದಾಟಿ ಬರುವ ಚಿನ್ನದ ದಾರಿಗಳು ಕೊನೆಗೊಳ್ಳುವ ಬಂದರುಗಳಲ್ಲಿ ಒಂದಾಗಿತ್ತು. ಪೋರ್ಚುಗಲ್ಲಿನಲ್ಲಿ ಧಾನ್ಯದ ಕೊರತೆಯಿತ್ತು, ಮೊರಾಕ್ಕೋದಲ್ಲಿ ಗೋಧಿ ಬೆಳೆಯುತ್ತಿತ್ತು. ಬಂದರನ್ನು ಗೆದ್ದ ಮೇಲೆ ವರ್ತಕರು ಚಿನ್ನವನ್ನು ಬೇರೆ ಊರುಗಳಿಗೆ ತಿರುಗಿಸಿದರು. ಕೋಟೆಯ ಕಾವಲಿಗೆ ಹಣ ಸುರಿಯುವುದಷ್ಟೇ ಪೋರ್ಚುಗೀಸರ ಪಾಲಿಗೆ ಉಳಿಯಿತು. ಆಗ ಚಿನ್ನ ಹುಟ್ಟುವ ಕಡೆಗೇ ಸಮುದ್ರದ ಮೇಲೆ ಹೋಗೋಣ ಎಂಬ ಯೋಚನೆ ಬರುವುದು ಸಹಜ. ಹೆನ್ರಿಯನ್ನೇ ನೋಡಿ: ಸಾಬೂನು ತಯಾರಿಕೆಯ ಏಕಸ್ವಾಮ್ಯ, ಅಲ್ಗಾರ್ವೆ ಕರಾವಳಿಯ ಮೀನುಗಾರಿಕೆಯ ಹಕ್ಕು ಅವನ ಕೈಯಲ್ಲಿದ್ದವು. 1443ರಲ್ಲಿ ಬೊಜಡೋರ್‌ನಿಂದಾಚೆಗೆ ತನ್ನ ಅಪ್ಪಣೆಯಿಲ್ಲದೆ ಯಾರೂ ಹಡಗು ಒಯ್ಯಬಾರದೆಂಬ ಹಕ್ಕುಪತ್ರವನ್ನೂ ಅವನು ಪಡೆದ. ಇದು ಲಾಭನಷ್ಟ ಬಲ್ಲವನ ಲೆಕ್ಕ. ಧರ್ಮದ ಮಾತು ಆ ಲೆಕ್ಕಕ್ಕೆ ಹೊದಿಸಿದ ಶಾಲು ಎಂದು ಏಕೆ ತಿಳಿಯಬಾರದು?

ಪದಗಳ ಬೆನ್ನು ಹತ್ತಿದವ:

ಚರ್ಚೆಯ ನಡುವೆ ಒಂದು ಸಣ್ಣ ಮಾತು. ನಮ್ಮ ಪಠ್ಯಗಳು ಈ ಯುದ್ಧಗಳನ್ನು "ಧರ್ಮಯುದ್ಧ" ಎಂದು ಕರೆಯುತ್ತವೆ. ಮಹಾಭಾರತವನ್ನು ಕೇಳಿ ಬೆಳೆದ ಕನ್ನಡಿಗರ ಕಿವಿಗೆ ಧರ್ಮಯುದ್ಧವೆಂದರೆ ನಿಯಮ ಪಾಲಿಸಿ, ಸೂರ್ಯ ಮುಳುಗಿದ ಮೇಲೆ ಆಯುಧ ಕೆಳಗಿಡುವ ಯುದ್ಧ. ಇಲ್ಲಿ ಚರ್ಚಿಸುತ್ತಿರುವುದು ಬಟ್ಟೆಯ ಮೇಲೆ ಶಿಲುಬೆ ಹೊಲಿದುಕೊಂಡು, ಪಾಪಗಳಿಗೆ ತೆರಬೇಕಾದ ದಂಡ ಮನ್ನಾ ಆಗುವುದೆಂಬ ಪೋಪರ ಭರವಸೆಯೊಂದಿಗೆ ಹೊರಟ ಯುದ್ಧವನ್ನು. ಪಡುವಣ ಗಾಳಿಯವರು ಬಳಸಿದ "ಶಿಲುಬೆ ಯುದ್ಧ" ಎಂಬ ಪದವನ್ನೇ ಎಲ್ಲರೂ ಬಳಸಿದರೆ, ಮಕ್ಕಳ ಮನಸ್ಸಿನಲ್ಲಿ ಗೊಂದಲ ಉಂಟಾಗದು.

ಪಡುವಣ ಗಾಳಿ:

ಪದದ ವಿಚಾರದಲ್ಲಿ ನನ್ನ ಪೂರ್ಣ ಸಹಮತವಿದೆ.

ಹಳೆಯ ನಾಣ್ಯದವರೇ, ಚಿನ್ನದ ಸೆಳೆತವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲು ಬೇರೆ, ಮೈ ಬೇರೆ ಎಂದು ವಿಂಗಡಿಸಲು ಹೊರಟಾಗ ನಿಮ್ಮ ಕ್ಷೇತ್ರದಲ್ಲೇ ಒಂದು ಅಡ್ಡಿ ಎದುರಾಗುತ್ತದೆ. 1457ರಲ್ಲಿ ದೊರೆ ಐದನೆಯ ಅಫೊನ್ಸೊ ಆಫ್ರಿಕಾದಿಂದ ಬಂದ ಚಿನ್ನದಲ್ಲಿ ಹೊಸ ನಾಣ್ಯವನ್ನು ಟಂಕಿಸಿದ. ಕಾನ್‌ಸ್ಟಾಂಟಿನೋಪಲ್‌ ಬಿದ್ದ ಮೇಲೆ ಪೋಪ್ ಮೂರನೆಯ ಕ್ಯಾಲಿಕ್ಸ್‌ಟಸ್ ಸಾರಿದ ಶಿಲುಬೆ ಯುದ್ಧಕ್ಕೆ ಹೊರಡುವ ಸಿದ್ಧತೆಯಲ್ಲಿ ಅದು ಹುಟ್ಟಿತು, ಆದ್ದರಿಂದ ಅದರ ಹೆಸರೇ "ಕ್ರುಜಾಡೊ" ಎಂದಾಯಿತು, ಅಂದರೆ ಶಿಲುಬೆಯ ಗುರುತುಳ್ಳದ್ದು. ಆ ಯುದ್ಧ ನಡೆಯಲಿಲ್ಲ. ಅದಕ್ಕೆಂದು ಕೂಡಿಸಿದ ಸೈನ್ಯವನ್ನು ಅಫೊನ್ಸೊ 1458ರಲ್ಲಿ ಮೊರಾಕ್ಕೋದ ಮೇಲೆ ತಿರುಗಿಸಿ ಅಲ್ಕಾಸೆರ್ ಸೆಗೇರ್ ಎಂಬ ಊರನ್ನು ಗೆದ್ದ. ಚಿನ್ನ ಬಂದದ್ದು ಹಡಗಿನಲ್ಲಿ, ಟಂಕಿಸಿದ್ದು ಯುದ್ಧಕ್ಕೆ, ಚಲಾವಣೆಯಾದದ್ದು ವ್ಯಾಪಾರದಲ್ಲಿ. ಈ ಒಂದೇ ನಾಣ್ಯದಲ್ಲಿ ಲಾಭವೆಲ್ಲಿ ಮುಗಿಯಿತು, ನಂಬಿಕೆ ಎಲ್ಲಿ ಆರಂಭವಾಯಿತು ಎಂದು ತೋರಿಸುವುದು ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ. ನೀವು ಹೇಳಿದ 1443ರ ಏಕಸ್ವಾಮ್ಯ ಪೋರ್ಚುಗಲ್ಲಿನ ಪ್ರಜೆಗಳನ್ನು ಮಾತ್ರ ತಡೆಯಬಲ್ಲದು. ನೆರೆಯ ಸ್ಪೇನಿನ ಕ್ಯಾಸ್ಟೈಲ್ ರಾಜ್ಯದ ಹಡಗುಗಳನ್ನು ತಡೆಯಲು ಇನ್ನೂ ದೊಡ್ಡ ಅಧಿಕಾರ ಬೇಕಿತ್ತು. ಶಿಲುಬೆ ಯುದ್ಧಗಳ ಕಾಲದಿಂದ ಬಂದ ಕಾನೂನು ಆಗ ನೆರವಿಗೆ ಬಂತು. ಕ್ರೈಸ್ತರಲ್ಲದವರ ನೆಲವನ್ನು ಗೆಲ್ಲಲು ಕ್ರೈಸ್ತ ದೊರೆಗೆ ಅನುಮತಿ ಕೊಡುವ ಅಧಿಕಾರ ಪೋಪರಿಗಿದೆ ಎಂಬ ವಾದವನ್ನು ಮುಂದಿಟ್ಟು, ಪೋಪ್ ಐದನೆಯ ನಿಕೊಲಸ್ 1455ರ ಜನವರಿ 8ರ ಆಜ್ಞಾಪತ್ರದಲ್ಲಿ ಬೊಜಡೋರ್‌ನಿಂದ ಪಶ್ಚಿಮ ಆಫ್ರಿಕಾದ ಗಿನಿಯದವರೆಗೂ ಅದರಾಚೆಗೂ ಹಕ್ಕನ್ನು ಪೋರ್ಚುಗಲ್ ಒಂದಕ್ಕೇ ಬರೆದುಕೊಟ್ಟ. ಅದೇ ಪತ್ರದಲ್ಲಿ ಹೆನ್ರಿಯ ಉದ್ದೇಶವನ್ನು ವಿವರಿಸುತ್ತ, ಕ್ರಿಸ್ತನ ಹೆಸರನ್ನು ಆರಾಧಿಸುವರೆಂದು ಹೇಳಲಾಗುವ ಭಾರತೀಯರವರೆಗೆ ಸಮುದ್ರವನ್ನು ಸಂಚಾರಯೋಗ್ಯವಾಗಿಸಿ, ಅವರನ್ನು ಮುಸ್ಲಿಮರ ವಿರುದ್ಧದ ಹೋರಾಟಕ್ಕೆ ಒಲಿಸಿಕೊಳ್ಳುವುದು ಅವನ ಆಸೆ ಎಂಬ ಅರ್ಥದ ಮಾತು ಬರುತ್ತದೆ. ಮರುವರ್ಷ ಬಂದ ಇನ್ನೊಂದು ಪತ್ರ ಆ ಪ್ರದೇಶಗಳ ಧಾರ್ಮಿಕ ಆಡಳಿತವನ್ನು ಕ್ರಿಸ್ತ ಸಂಘಕ್ಕೆ ಕೊಟ್ಟಿತು. ಗೋವೆಯಿಂದ ಕೆನರಾ ಕರಾವಳಿಯವರೆಗೆ ಚರ್ಚುಗಳ ಮೇಲೆ ಪೋರ್ಚುಗೀಸ್ ದೊರೆಗೆ ಇದ್ದ ಪದ್ರುವಾದೊ ಅಧಿಕಾರದ ಬೇರು ಇಲ್ಲಿದೆ.

ನಕ್ಷೆಯ ವಿಷಯವೂ ಹೀಗೆಯೇ. ಹಡಗಿನಲ್ಲಿ ಸಮುದ್ರನಕ್ಷೆ ಬಳಸಿದ್ದರ ಬಗ್ಗೆ ನಮಗೆ ಸಿಗುವ ಮೊದಲ ಉಲ್ಲೇಖ 1270ರದು. ಟ್ಯೂನಿಸ್ ಕಡೆಗಿನ ಶಿಲುಬೆ ಯುದ್ಧಕ್ಕೆ ಹೊರಟಿದ್ದ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಬಿರುಗಾಳಿಗೆ ಸಿಕ್ಕಿ ಆತಂಕಗೊಂಡಾಗ, ಜಿನೋವಾದ ನಾವಿಕರು ನಕ್ಷೆಯನ್ನು ಬಿಚ್ಚಿ, ನಾವು ಸಾರ್ಡೀನಿಯಾದ ಕಾಲ್ಯಾರಿಯ ಬಳಿ ಇದ್ದೇವೆ ಎಂದು ತೋರಿಸಿದರು.

ಕಡಲತಡಿಯ ಶಿಕ್ಷಕಿ:

ಎಲ್ಲರಿಗೂ ಕೃತಜ್ಞತೆಗಳು. "ಕ್ರಿಸ್ತನನ್ನು ಆರಾಧಿಸುವ ಭಾರತೀಯರು" ಎಂಬ ಮಾತು ನನ್ನನ್ನು ಬಿಡುತ್ತಿಲ್ಲ. ಅವರಿಗೆ ಹಾಗೆ ಅನ್ನಿಸಿದ್ದು ಹೇಗೆ? ಕೇರಳದ ಸಂತ ತೋಮಸರ ಕ್ರೈಸ್ತರ ಬಗ್ಗೆ ಕೇಳಿದ್ದರೇ?

ಪಡುವಣ ಗಾಳಿ:

ಅದರ ಸುಳಿವು ಇದ್ದಿರಬಹುದು, ಆದರೆ ಅವರ ಮನಸ್ಸಿನಲ್ಲಿ ತುಂಬಿದ್ದ ಹೆಸರು ಪ್ರೆಸ್ಟರ್ ಜಾನ್. ಮುಸ್ಲಿಂ ರಾಜ್ಯಗಳ ಬೆನ್ನ ಹಿಂದೆ ಅಪಾರ ಬಲದ ಕ್ರೈಸ್ತ ಪುರೋಹಿತ ದೊರೆಯೊಬ್ಬನಿದ್ದಾನೆ ಎಂಬ ಸುದ್ದಿ ದಾಖಲಾದದ್ದು 1145ರಲ್ಲಿ. ಎಡೆಸ್ಸಾ ನಗರವನ್ನು ಕಳೆದುಕೊಂಡ ಪೂರ್ವದ ಕ್ರೈಸ್ತರ ಪರವಾಗಿ ನೆರವು ಕೇಳಲು ಬಂದ ಸಿರಿಯಾದ ಬಿಷಪ್ಪನೊಬ್ಬ ಅದನ್ನು ಹೇಳಿದ. ಸುಮಾರು 1165ರ ವೇಳೆಗೆ ಆ ದೊರೆಯದೇ ಎನ್ನಲಾದ ನಕಲಿ ಪತ್ರವೊಂದು ಯುರೋಪಿನಲ್ಲಿ ಹರಡಿತು. 1221ರಲ್ಲಿ ಈಜಿಪ್ಟಿನ ಡಾಮಿಯೆಟ್ಟಾದಲ್ಲಿ ಬೀಡುಬಿಟ್ಟಿದ್ದ ಸೈನ್ಯಕ್ಕೆ ಪೂರ್ವದಿಂದ ದಾವೀದನೆಂಬ ಕ್ರೈಸ್ತ ದೊರೆ ಬರುತ್ತಿದ್ದಾನೆಂಬ ವದಂತಿ ಮುಟ್ಟಿತು, ವಾಸ್ತವದಲ್ಲಿ ಆ ಕಡೆಯಿಂದ ಬರುತ್ತಿದ್ದದ್ದು ಚಂಗೀಸ್ ಖಾನನ ಪಡೆ. ಏಷ್ಯಾದಲ್ಲಿ ಅಂಥ ದೊರೆ ಸಿಗದಿದ್ದಾಗ ಆಸೆ ಇಥಿಯೋಪಿಯಾದ ಕಡೆಗೆ ಹೊರಳಿತು. ಅಲ್ಲಿ ನಿಜವಾಗಿಯೂ ಕ್ರೈಸ್ತ ದೊರೆಯಿದ್ದ. ಆ ಕಾಲದ ಯುರೋಪಿಯನ್ನರ ಮಾತಿನಲ್ಲಿ ಇಥಿಯೋಪಿಯಾವೂ "ಇಂಡಿಯಾ"ಗಳಲ್ಲಿ ಒಂದು ಎಂಬುದನ್ನು ಮರೆಯಬಾರದು.

1487ರಲ್ಲಿ ದೊರೆ ಎರಡನೆಯ ಜೋಆಂವ್ ಅರಬ್ಬೀ ಬಲ್ಲ ಪೇರು ದ ಕೊವಿಲ್ಯಾನ್ ಎಂಬವನನ್ನು ಗುಟ್ಟಾಗಿ ಭೂಮಾರ್ಗದಲ್ಲಿ ಕಳಿಸಿದ. ಮೆಣಸಿನ ಮೂಲ ಎಲ್ಲಿದೆ, ಪ್ರೆಸ್ಟರ್ ಜಾನ್ ಎಲ್ಲಿದ್ದಾನೆ ಎಂಬೆರಡನ್ನೂ ತಿಳಿದು ಬರಬೇಕೆಂಬುದು ಆಜ್ಞೆ. ಅವನು ಕಣ್ಣೂರು, ಕಲ್ಲಿಕೋಟೆ, ಗೋವೆಗಳನ್ನು ನೋಡಿ, ಕೊನೆಗೆ ಇಥಿಯೋಪಿಯಾ ಸೇರಿ, ಅಲ್ಲಿಂದ ಹೊರಡಲು ಅಪ್ಪಣೆ ಸಿಗದೆ ಅಲ್ಲೇ ಉಳಿದುಹೋದ. 1520ರಲ್ಲಿ ಪೋರ್ಚುಗೀಸ್ ರಾಯಭಾರ ಅಲ್ಲಿಗೆ ಹೋದಾಗ ಮುದುಕನಾಗಿದ್ದ ಅವನನ್ನು ಕಂಡಿತು. ಈ ಮನುಷ್ಯನ ಕಥೆಯನ್ನು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ.

ಗಾಮನ ಜನ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯಲ್ಲಿ ಮೊದಲು ದಡಕ್ಕೆ ಕಳಿಸಿದವನಿಗೆ ಎದುರಾದವರು ಟ್ಯೂನಿಸ್ಸಿನ ಇಬ್ಬರು ಮುಸ್ಲಿಮರು. ಅವರಿಗೆ ಸ್ಪೇನಿನ ಹಾಗೂ ಜಿನೋವಾದ ಮಾತು ಬರುತ್ತಿತ್ತು. ನಿಮ್ಮನ್ನು ಇಲ್ಲಿಗೆ ಕರೆತಂದದ್ದು ಏನು ಎಂದು ಕೇಳಿದಾಗ, ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂಬ ಉತ್ತರ ಬಂತೆಂದು ಆ ಯಾನದ ದಿನಚರಿ ಹೇಳುತ್ತದೆ. ಮುಂದೆ ಅವರು ದೇವಸ್ಥಾನವೊಂದನ್ನು ಚರ್ಚೆಂದು ಭಾವಿಸಿ ಪ್ರಾರ್ಥನೆ ಸಲ್ಲಿಸಿದರು. ಮುಸ್ಲಿಮರಲ್ಲದವರೆಲ್ಲ ಒಂದು ಬಗೆಯ ಕ್ರೈಸ್ತರೇ ಇರಬೇಕು ಎಂಬ ಊಹೆ ಅಷ್ಟು ಆಳವಾಗಿತ್ತು. ಆ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಪಕ್ಷಗಳಿದ್ದವು.

ಎರಡೇ ಪಕ್ಷವೆಂಬ ಆ ನೋಟದ ಘೋರ ಪರಿಣಾಮವನ್ನು ನಮ್ಮ ಸಮುದ್ರ ಅನುಭವಿಸಿತು. 1502ರಲ್ಲಿ ಗಾಮ ಎರಡನೆಯ ಸಲ ಬಂದಾಗ, ಮೆಕ್ಕಾ ಯಾತ್ರೆಯಿಂದ ಮರಳುತ್ತಿದ್ದ ಹಡಗನ್ನು ಹೆಂಗಸರು, ಮಕ್ಕಳ ಸಮೇತ ಸುಟ್ಟುಹಾಕಿದ. ದೊರೆ ಮೊದಲನೆಯ ಮನುಯೆಲ್‌ಗೆ ಜೆರುಸಲೇಮನ್ನು ಗೆಲ್ಲುವ ಕನಸಿತ್ತು. 1504ರಲ್ಲಿ ಮಾಮ್ಲೂಕ್ ಸುಲ್ತಾನ ಒಬ್ಬ ಕ್ರೈಸ್ತ ಸನ್ಯಾಸಿಯ ಮೂಲಕ ಪೋಪರಿಗೆ ಪತ್ರ ಕಳಿಸಿ, ಪೋರ್ಚುಗೀಸರು ಹಿಂದೂ ಮಹಾಸಾಗರದಿಂದ ಹಿಂದೆ ಸರಿಯದಿದ್ದರೆ ಜೆರುಸಲೇಮಿನ ಪವಿತ್ರ ಸ್ಥಳಗಳಿಗೆ ಕೇಡಾದೀತೆಂದು ಎಚ್ಚರಿಸಿದ. ಮೆಣಸಿನ ಜಗಳದಲ್ಲಿ ಒತ್ತೆಯಾಗಿ ನಿಂತದ್ದು ಜೆರುಸಲೇಮ್. ಆಲ್ಬುಕರ್ಕ್ ಅಂತೂ ಇಥಿಯೋಪಿಯಾದಲ್ಲಿ ನೈಲ್ ನದಿಯನ್ನೇ ತಿರುಗಿಸಿ ಈಜಿಪ್ಟನ್ನು ಒಣಗಿಸುವ ಯೋಚನೆ ಮಾಡಿದ್ದನೆಂದು ಅವನ ಮಗ ಸಂಕಲಿಸಿದ ವೃತ್ತಾಂತದಲ್ಲಿದೆ. 1510ರ ಆರಂಭದಲ್ಲಿ ಆಲ್ಬುಕರ್ಕ್ ಹೊರಟಿದ್ದದ್ದು ಕೆಂಪು ಸಮುದ್ರದ ಕಡೆಗೆ. ಅವನನ್ನು ಗೋವೆಯ ಕಡೆಗೆ ತಿರುಗಿಸಿದವನು ಹೊನ್ನಾವರದ ತಿಮ್ಮೋಜ. ಗೋವೆಯ ಅಧಿಪತಿ ತೀರಿಕೊಂಡಿದ್ದಾನೆ, ಈಗ ಹೊಡೆದರೆ ಊರು ಸಿಗುತ್ತದೆ ಎಂದು ಅವನು ತಿಳಿಸಿದ. ಸೋಲು ಗೆಲುವುಗಳ ನಂತರ ಆ ವರ್ಷದ ನವೆಂಬರ್ 25ರಂದು ಗೋವೆ ಪೋರ್ಚುಗೀಸರ ಕೈಸೇರಿತು. ಜೆರುಸಲೇಮಿಗಾಗಿ ಹೆಣೆದ ತಂತ್ರವೊಂದು ನಮ್ಮ ಕರಾವಳಿಯ ಸರದಾರನೊಬ್ಬನ ಲೆಕ್ಕಾಚಾರಕ್ಕೆ ತಗುಲಿ ದಿಕ್ಕು ಬದಲಿಸಿತು.

ಓದುಮನೆ:

ಇಲ್ಲಿ ಒಬ್ಬರೂ ಎತ್ತದ ಸಂಗತಿಯೊಂದಿದೆ, ಅದನ್ನು ಹೇಳದೆ ಈ ಚರ್ಚೆಯನ್ನು ಮುಂದುವರಿಸುವುದು ನನಗೆ ಕಷ್ಟ. 1444ರ ಆಗಸ್ಟ್ 8ರಂದು ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು ಬಯಲಿನಲ್ಲಿ ನಿಲ್ಲಿಸಿ ಪಾಲು ಹಂಚಿದರು. ತಾಯಂದಿರು ಮಕ್ಕಳನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದರೆಂದೂ, ತನಗೆ ಕಣ್ಣೀರು ಬಂತೆಂದೂ ಹೆನ್ರಿಯನ್ನು ಹೊಗಳಿ ಬರೆದ ಚರಿತ್ರೆಕಾರ ಜುರಾರನೇ ಬರೆಯುತ್ತಾನೆ. ಹೆನ್ರಿ ಕುದುರೆಯ ಮೇಲೆ ಕುಳಿತು ತನ್ನ ಐದನೆಯ ಒಂದು ಪಾಲಾದ 46 ಜನರನ್ನು ಪಡೆದ. ಐದನೆಯ ಒಂದು ಎಂಬುದು ಐಬೀರಿಯಾದ (ಸ್ಪೇನ್, ಪೋರ್ಚುಗಲ್‌ಗಳ) ಗಡಿಯ ಯುದ್ಧಗಳಲ್ಲಿ ಕೊಳ್ಳೆಯಿಂದ ದೊರೆಗೆ ಸಲ್ಲುತ್ತಿದ್ದ ಪಾಲು. ಯುದ್ಧದಲ್ಲಿ ಸೆರೆಸಿಕ್ಕ ಶತ್ರು ಎಂಬ ಹಳೆಯ ವರ್ಗಕ್ಕೆ, ಶಿಲುಬೆಯನ್ನು ಎಂದೂ ಕಾಣದ, ಯಾರ ಮೇಲೂ ಯುದ್ಧ ಸಾರದ ಮೀನುಗಾರರನ್ನೂ ಕುರಿಗಾಹಿಗಳನ್ನೂ ಸೇರಿಸಲಾಯಿತು. 1452ರ ಹಾಗೂ 1455ರ ಪೋಪರ ಪತ್ರಗಳು ಮುಸ್ಲಿಮರೊಡನೆ "ಇತರ ಅನ್ಯಧರ್ಮೀಯರನ್ನೂ" ಶಾಶ್ವತ ದಾಸ್ಯಕ್ಕೆ ಒಳಪಡಿಸಲು ಒಪ್ಪಿಗೆ ಕೊಟ್ಟವು. ಸಕ್ಕರೆಯನ್ನೂ ಇದರೊಡನೆ ಇಟ್ಟು ನೋಡಿ: ಶಿಲುಬೆ ಯೋಧರು ಇಂದಿನ ಲೆಬನಾನಿನ ಟೈರ್ ಸುತ್ತಮುತ್ತ ಕಂಡ ಕಬ್ಬಿನ ಗದ್ದೆಗಳು ಸೈಪ್ರಸ್‌ಗೆ, ಅಲ್ಲಿಂದ ಮುಂದೆ ಅಟ್ಲಾಂಟಿಕ್ಕಿನ ಮದೀರಾ, ಸಾಂವ್ ತೊಮೆ ದ್ವೀಪಗಳಿಗೆ, ಕೊನೆಗೆ ಬ್ರೆಜಿಲ್ಲಿಗೆ ಸಾಗಿದವು. ಆ ಗದ್ದೆಗಳಲ್ಲಿ ದುಡಿಯಲು ಹೋದವರು ಲಾಗೋಸಿನ ಬಯಲಿನಲ್ಲಿ ನಿಂತವರಂಥ ಜನರೇ. ಟೀಚರ್, ಪ್ರೆಸ್ಟರ್ ಜಾನ್ ಕಥೆಯೊಡನೆ ದಯವಿಟ್ಟು ಇದನ್ನೂ ಮಕ್ಕಳಿಗೆ ಹೇಳಿ.

ಹಳೆಯ ನಾಣ್ಯ:

ಓದುಮನೆಯವರ ಮಾತು ಮನಸ್ಸಿಗೆ ನಾಟಿತು. ಕ್ರುಜಾಡೊ ನಾಣ್ಯದ ಕುರಿತು ನನ್ನ ಶಾಲಿನ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ವರ್ತಕರಿಲ್ಲದೆ ಇವ್ಯಾವೂ ನಡೆಯುತ್ತಿರಲಿಲ್ಲ ಎಂಬ ಮಾತಿಗೆ ನಾನು ಅಂಟಿಕೊಂಡಿದ್ದೇನೆ, ಏಕೆಂದರೆ ಜಿನೋವಾದ ಹಣ ಮತ್ತು ನಾವಿಕರು ಈ ಕಥೆಯ ಪ್ರತಿ ತಿರುವಿನಲ್ಲೂ ಕಾಣಿಸುತ್ತಾರೆ. ಜಿನೋವಾದವನೇ ಆದ ಕೊಲಂಬಸ್‌ನ ಬಗ್ಗೆ ಒಂದೆರಡು ಸಾಲು: 1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾ ಶರಣಾಯಿತು. ಕೊಲಂಬಸ್‌ನ ಯಾನದ ಒಪ್ಪಂದಕ್ಕೆ ಸಹಿ ಬಿದ್ದದ್ದು ಏಪ್ರಿಲ್ 17ರಂದು, ಗ್ರನಾಡಾದ ಮುತ್ತಿಗೆಗೆಂದೇ ಕಟ್ಟಿದ್ದ ಸಾಂತಾ ಫೆ ಎಂಬ ಪಾಳೆಯದ ಊರಿನಲ್ಲಿ. ಅದೇ ಡಿಸೆಂಬರ್ 26ರ ದಿನಚರಿಯಲ್ಲಿ, ಈ ಯಾನದ ಲಾಭವನ್ನೆಲ್ಲ ಜೆರುಸಲೇಮನ್ನು ಗೆಲ್ಲಲು ಖರ್ಚು ಮಾಡಬೇಕೆಂದು ದೊರೆ ರಾಣಿಯರಲ್ಲಿ ತಾನು ಬಿನ್ನವಿಸಿದ್ದನ್ನು ನೆನೆಯುತ್ತಾನೆ. ದುಭಾಷಿಯಾಗಿ ಅವನು ಒಯ್ದದ್ದು ಹೀಬ್ರೂ, ಅರಬ್ಬೀ ಬಲ್ಲ ಲೂಯಿಸ್ ದೆ ತೊರೆಸ್‌ನನ್ನು. ಕ್ಯೂಬಾದ ತೀರದಲ್ಲಿ ಆ ಭಾಷೆಗಳು ಯಾರಿಗೂ ಅರ್ಥವಾಗಲಿಲ್ಲ.

ಕಡಲತಡಿಯ ಶಿಕ್ಷಕಿ:

ಇಂದು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ 1453ರ ಎಡಕ್ಕೆ 1434, 1415, 1319, 1291, 1147 ಎಂದು ಒಂದೊಂದಾಗಿ ಬರೆದು, ಪ್ರತಿಯೊಂದರ ಕಥೆಯನ್ನೂ ಹೇಳಿದೆ. ಲಾಗೋಸಿನ 1444ನ್ನೂ ಸೇರಿಸಿದೆ. ಆ ಹೊತ್ತಿಗೆ ತರಗತಿ ತೀರ ಮೌನವಾಗಿತ್ತು. ಪ್ರಶ್ನೆ ಕೇಳಿದ ಹುಡುಗಿ ಎಲ್ಲವನ್ನೂ ಬರೆದುಕೊಂಡು, ಗಾಮ ಮರಳುವಾಗ ಕಾರವಾರದ ಎದುರಿನ ಅಂಜದೀಪದಲ್ಲಿ ತಂಗಿ ಹಡಗುಗಳನ್ನು ಸರಿಪಡಿಸಿಕೊಂಡ ವಿಷಯಕ್ಕೆ ಬಂದಾಗ ತಲೆಯೆತ್ತಿ ನೋಡಿದಳು. ಅವಳ ತಂದೆ ಆ ದ್ವೀಪದ ಆಸುಪಾಸಿನ ನೀರಿನಲ್ಲಿ ಮೀನು ಹಿಡಿಯುತ್ತಾರೆ. ಅವಳ ಮುಂದಿನ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ: ಹಾಯಿಯ ಮೇಲೆ ಕೆಂಪು ಶಿಲುಬೆ ಹೊತ್ತು ಬಂದ ಆ ಹಡಗುಗಳನ್ನು ದಡದಿಂದ ಕಂಡ ಜನ ಅದನ್ನು ಏನೆಂದು ತಿಳಿದರು?